ಅಪ್‌ಡೇಟ್: ರಿಸೀವರ್, ಸ್ಟೀರಿಯೊ ಆಂಪ್ ಎರಡಕ್ಕೂ ಒಂದೇ ಜೋಡಿ ಸ್ಪೀಕರ್

ಸಿನಿಮಾಗೆ 5.1 ರಿಸೀವರ್ (ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಸದ್ದು ಕೊಡುವ ಡಬ್ಬಿ), ಹಾಡಿಗೆ ಹಳೇ ಸ್ಟೀರಿಯೊ ಆಂಪ್ (ಎರಡು ಸ್ಪೀಕರ್‌ನ ಆಂಪ್ಲಿಫೈಯರ್). ಮುಂದಿನ ಎರಡು ಸ್ಪೀಕರ್‌ಗಳನ್ನು ಎರಡಕ್ಕೂ ಹೇಗೆ ಬಳಸೋದು ಅಂತ ಕೇಳಿದ್ದೆ. ಈಗ ಕೆಲಸ ಮುಗಿದಿದೆ.

ರಿಸೀವರ್ ಹಿಂದೆ ಫ್ರಂಟ್ ಪ್ರೀ-ಔಟ್ (ಮುಂದಿನ ಸ್ಪೀಕರ್‌ಗಳ ಸಿಗ್ನಲನ್ನು ಬೇರೆ ಆಂಪ್‌ಗೆ ಕೊಡುವ ಸಾಕೆಟ್) ಇತ್ತು. ಅಲ್ಲಿಂದ ಒಂದು ಜೊತೆ ಆರ್‌ಸಿಎ ಕೇಬಲ್ ಆಂಪ್‌ನ ಆಕ್ಸ್ ಇನ್‌ಪುಟ್‌ಗೆ ಹೋಯಿತು. ಮುಂದಿನ ಸ್ಪೀಕರ್ ವೈರ್ ಆಂಪ್‌ಗೆ ಮಾತ್ರ. ಸೆಂಟರ್, ಹಿಂದಿನವು, ಸಬ್‌ವೂಫರ್ ರಿಸೀವರ್‌ನಲ್ಲೇ ಉಳಿದವು. ಹಾಡು ಕೇಳುವಾಗ ರಿಸೀವರ್ ಆಫ್.

"ಎರಡರ ವೈರನ್ನೂ ಒಂದೇ ಸ್ಪೀಕರ್‌ಗೆ ಸಿಕ್ಕಿಸಿಬಿಡಿ" ಅಂದವರೂ ಇದ್ದರು. ದಯವಿಟ್ಟು ಬೇಡ. ಒಂದರ ಔಟ್‌ಪುಟ್ ಇನ್ನೊಂದಕ್ಕೆ ನುಗ್ಗಿದರೆ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.

ತಲೆ ತಿಂದಿದ್ದು ವಾಲ್ಯೂಮ್. ನನ್ನ ಆಂಪ್‌ನಲ್ಲಿ ಹೋಮ್ ಥಿಯೇಟರ್ ಬೈಪಾಸ್ (ಆಂಪ್‌ನ ವಾಲ್ಯೂಮ್ ನಾಬ್ ಬಿಟ್ಟು ರಿಸೀವರ್‌ನ ವಾಲ್ಯೂಮ್‌ನಿಂದಲೇ ನಡೆಯುವ ಸೌಲಭ್ಯ) ಇಲ್ಲ. ಅದರ ನಾಬ್ ತಿರುಗಿಸಿದರೆ ಮುಂದಿನ ಸ್ಪೀಕರ್‌ಗಳ ಸದ್ದು ಮಾತ್ರ ಏರಿಳಿಯುತ್ತದೆ, ಉಳಿದವು ಇದ್ದ ಹಾಗೇ ಇರುತ್ತವೆ. ಅದಕ್ಕೆ ನಾಬನ್ನು ಗಡಿಯಾರದ ಹನ್ನೊಂದರ ಜಾಗಕ್ಕೆ ತಂದು, ಪಕ್ಕದಲ್ಲಿ ಬಿಳಿ ಟೇಪಿನ ತುಂಡು ಅಂಟಿಸಿದೆ. ಆಮೇಲೆ ಸೋಫಾ ಮೇಲೆ ಮೈಕ್ ಇಟ್ಟು ರಿಸೀವರ್‌ನ ಕ್ಯಾಲಿಬ್ರೇಶನ್ (ಎಲ್ಲ ಸ್ಪೀಕರ್‌ಗಳ ಸದ್ದನ್ನು ಸರಿಹೊಂದಿಸುವುದು) ಮತ್ತೆ ಮಾಡಿದೆ. ಸಿನಿಮಾ ಹಾಕುವ ಮೊದಲು ನಾಬ್ ಆ ಗುರುತಿಗೆ ಬರಲೇಬೇಕು. ಜಾಸ್ತಿ ಇದ್ದರೆ ಸೆಂಟರ್‌ನಿಂದ ಬರುವ ಡೈಲಾಗ್ ಮುಳುಗಿಹೋಗುತ್ತದೆ. ಮನೆಯವರಿಗೆ ಇದೊಂದೇ ಕಿರಿಕಿರಿ.

ಮೊದಲು ಸ್ಪೀಕರ್‌ನಲ್ಲಿ ಸಣ್ಣಗೆ ಗುಂಯ್ ಅನ್ನುತ್ತಿತ್ತು. ರಿಸೀವರ್, ಆಂಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿದ ಮೇಲೆ ನಿಂತಿತು. ಅದಕ್ಕಾಗಿ ಅರ್ತ್ ಪಿನ್ ಮಾತ್ರ ಕೀಳಬೇಡಿ.

ಹಾಡುಗಳಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಗಾಯಕರ ದನಿ ಸರಿಯಾಗಿ ಮಧ್ಯಕ್ಕೆ ಬಂದಿದೆ. ಸಿನಿಮಾದಲ್ಲಿ? ಸುಮ್ನೆ ಹೊಗಳಲ್ಲ, ನನಗೇನೂ ದೊಡ್ಡದಾಗಿ ಕೇಳಿಸಲಿಲ್ಲ. ನಿಮ್ಮ ರಿಸೀವರ್‌ನಲ್ಲಿ ಪ್ರೀ-ಔಟ್ ಇಲ್ಲವಾದರೆ, ಎರಡು ಆಂಪ್‌ಗೆ ಒಂದು ಜೋಡಿ ಸ್ಪೀಕರ್ ಬದಲಾಯಿಸುವ ಸ್ವಿಚ್ ಡಬ್ಬಿಗಳು ಸಿಗುತ್ತವೆ, ಅದನ್ನು ನೋಡಿ.