ಅಪ್‌ಡೇಟ್: ಹಳೇ ಮನೆ ಗೋಡೆಗೆ ಕೊನೆಗೂ ಸುಣ್ಣವನ್ನೇ ಹೊಡೆಸಿದೆವು

ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯ ಗಾರೆ ಗೋಡೆಗೆ ಎಮಲ್ಷನ್ (ಪ್ಲಾಸ್ಟಿಕ್ ಪೇಂಟ್) ಹೊಡೆಸಲಾ, ಸುಣ್ಣವಾ ಅಂತ ಬೇಸಿಗೆಯಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ, ನೆನಪಿದೆಯಲ್ವಾ? ಸುಣ್ಣವೇ ಗೆದ್ದಿತು. ಹಿಂದೊಮ್ಮೆ ಎಮಲ್ಷನ್ ಬಳಿದಿದ್ದ ನಡುಮನೆ ಗೋಡೆ ಕೆರೆದಾಗ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಒಳಗೆ ಗಾರೆ ಇನ್ನೂ ತೇವ! ಮೇಲೆ ಮುಚ್ಚಿದರೆ ತೇವ ಹೊರಗೆ ಹೋಗುವುದಿಲ್ಲ ಅಂತ ಆಗ ನೀವು ಹೇಳಿದ್ದು ಸರಿಯಾಗಿತ್ತು. ಗೋಡೆ ಚೆನ್ನಾಗಿ ಒಣಗಿದ ಮೇಲೆ ಸುಣ್ಣ ಸೋಸಿ, ತೆಳ್ಳಗೆ 3 ಕೋಟ್ ಹೊಡೆಸಿದೆವು. ಹಸಿ ಇದ್ದಾಗ ಬರೀ ನೀರು ಬಳಿದ ಹಾಗಿತ್ತು, ಗಾಬರಿಯಾಯಿತು. ಒಣಗುತ್ತಾ ಒಣಗುತ್ತಾ ಬೆಳ್ಳಗಾಯಿತು.

ಕೆಂಪು ಗಾರೆ ನೆಲಕ್ಕೆ ಟೈಲ್ಸ್ ಹಾಕಿಸುವ ಯೋಚನೆಯನ್ನೂ ಬಿಟ್ಟೆವು. ಅಮ್ಮ ತೆಂಗಿನೆಣ್ಣೆ ಸವರಿ ಬಟ್ಟೆಯಲ್ಲಿ ಉಜ್ಜಿದರು. ಈಗ ಕಿಟಕಿಯ ಸರಳುಗಳು ನೆಲದಲ್ಲಿ ಕಾಣುತ್ತವೆ. ತುಂಬಾ ಖುಷಿಯಾಗಿದೆ.

ಮರದ ಕಂಬಗಳು ಬಾಕಿ. ಹಳೇ ಎನಾಮೆಲ್ ಬಣ್ಣ ಕೆರೆಸಿ ಅಗಸೆ ಎಣ್ಣೆ ಹಚ್ಚಿಸುತ್ತೇವೆ.