ಫೇರ್‌ಫೋನ್ ತರಿಸಿಕೊಳ್ಳಲೇ? ಮುಂಬೈಯಲ್ಲಿ ಏನೇನು ತೊಂದರೆ?

ಡೊಂಬಿವಲಿ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನನ್ನ ಫೋನಿಗೆ ಅಪ್‌ಡೇಟ್ ಬರುವುದು ನಿಂತಿದೆ. ದೀಪಾವಳಿಗೆ ಅಣ್ಣ ಜರ್ಮನಿಯಿಂದ ಬರುತ್ತಾನೆ, ಅವನ ಕೈಲಿ ಫೇರ್‌ಫೋನ್ 5 ತರಿಸೋಣ ಅಂತಿದ್ದೇನೆ. ಕಾರ್ಮಿಕರಿಗೆ ಅನ್ಯಾಯವಾಗದಂತೆ, ಸುಲಭವಾಗಿ ರಿಪೇರಿ ಆಗುವಂತೆ ಫೋನ್ ಮಾಡಲು ನೋಡುವ ಡಚ್ ಕಂಪನಿಯದು ಅದು. ಫೋನ್ ಬ್ಯಾಟರಿಗೆ ಬಳಸುವ ಕೋಬಾಲ್ಟ್ ತೆಗೆಯುವ ಕಾಂಗೋದ ಗಣಿಗಳಲ್ಲಿ ಮಕ್ಕಳು ದುಡಿಯುವುದನ್ನು ಓದಿದ ಮೇಲೆ ಯಾವುದೋ ಒಂದು ಫೋನ್ ಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ನಾನು ಎಲ್ಲಿ ಹೋದೆ, ಏನು ಹುಡುಕಿದೆ ಅನ್ನುವುದು ಗೂಗಲ್‌ಗೆ ಗೊತ್ತಾಗುವುದೂ ಬೇಡ. ಹೊಗಳಿಕೆ ಬಹಳ ಓದಿದ್ದೇನೆ. ದಿನಾ ಲೋಕಲ್‌ನಲ್ಲಿ ಓಡಾಡಿ, ವಡಾಪಾವ್‌ನಿಂದ ಲೈಟ್ ಬಿಲ್‌ವರೆಗೆ ಯುಪಿಐನಲ್ಲೇ ಕೊಡುವವನಿಗೆ ಕಷ್ಟ ಎಲ್ಲಿ ಬರುತ್ತದೆ, ಅದನ್ನು ಹೇಳಿ.

ಲ್ಯಾಮಿಂಗ್ಟನ್ ರೋಡ್ ರಿಪೇರಿ:
ಫೋನು ಒಳ್ಳೆಯದೇ. ಬ್ಯಾಟರಿ ಕೈಯಲ್ಲೇ ತೆಗೆಯಬಹುದು, ಡಿಸ್‌ಪ್ಲೇ ಬದಲಿಸಲು ಒಂದು ಸ್ಕ್ರೂಡ್ರೈವರ್ ಸಾಕು, 2031ರವರೆಗೆ ಅಪ್‌ಡೇಟ್ ಕೊಡುತ್ತೇವೆ ಎಂದಿದ್ದಾರೆ. ಆದರೆ ಕಂಪನಿ ಭಾರತದಲ್ಲಿ ಮಾರುವುದೇ ಇಲ್ಲ. ಡಿಸ್‌ಪ್ಲೇ ಒಡೆದರೆ ನಮ್ಮ ಗಲ್ಲಿಯಲ್ಲಿ ಪಾರ್ಟ್ ಹುಡುಕಿ ಪ್ರಯೋಜನವಿಲ್ಲ, ಮತ್ತೆ ನಿಮ್ಮ ಅಣ್ಣನೇ ತರಬೇಕು. ಬಿಡಿ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಕಳಿಸಲು 2016ರಿಂದ ಬಿಡುವುದಿಲ್ಲ, ಹಾಗಾಗಿ ಈಗಲೇ ಒಂದು ಜಾಸ್ತಿ ಬ್ಯಾಟರಿ ತರಿಸಿಡಿ, ಅದು ಹ್ಯಾಂಡ್ ಬ್ಯಾಗಿನಲ್ಲೇ ಬರಬೇಕು. ಇನ್ನು ಮಳೆ. ಹಿಂದಿನ ಮುಚ್ಚಳ ಬಿಚ್ಚಲು ಬರುವುದರಿಂದ ಅದಕ್ಕೆ ನೀರು-ಧೂಳು ತಡೆಯುವ ದರ್ಜೆ ಐಪಿ55 ಮಾತ್ರ. ನೀರು ಎರಚಿದರೆ ತಡೆಯುತ್ತದೆ, ಜುಲೈಯಲ್ಲಿ ಹಳಿ ಮುಳುಗಿದಾಗ ಆ ನೀರಿಗೆ ಬಿದ್ದರೆ ಕಷ್ಟ.

ಪುಣೆ ಕನ್ನಡತಿ:
ನೀವು ಎರಡು ಆಸೆಗಳನ್ನು ಒಂದೇ ಫೋನಿನ ಮೇಲೆ ಹೊರಿಸುತ್ತಿದ್ದೀರಿ. ಫೇರ್‌ಫೋನ್ ಬರುವುದು ಗೂಗಲ್ ಸೇವೆ ಇರುವ ಮಾಮೂಲಿ ಆಂಡ್ರಾಯ್ಡ್ ಜೊತೆಗೇ. ಗೂಗಲ್ ಬೇಡ ಅಂದರೆ ಮುರೇನಾ ಕಂಪನಿಯವರ ಇ-ಓಎಸ್ (ಗೂಗಲ್ ಸೇವೆ ತೆಗೆದ ಆಂಡ್ರಾಯ್ಡ್) ಇರುವುದನ್ನು ತಗೋಬೇಕು. ಅಲ್ಲಿಂದ ಬ್ಯಾಂಕ್ ಆ್ಯಪ್‌ಗಳ ತಲೆನೋವು ಶುರು. ಎಷ್ಟೋ ಆ್ಯಪ್‌ಗಳು ಈ ಫೋನಿನ ಸಾಫ್ಟ್‌ವೇರ್ ನೀವು ಒಪ್ಪಿದ್ದೇನಾ ಅಂತ ಗೂಗಲ್‌ನನ್ನೇ ಕೇಳುತ್ತವೆ, ಅಲ್ಲ ಅಂದರೆ ತೆರೆಯುವುದೇ ಇಲ್ಲ. ಅಂಥದ್ದೇ ಇನ್ನೊಂದು ಆಂಡ್ರಾಯ್ಡ್ ಆದ ಗ್ರಾಫೀನ್ ಓಎಸ್‌ನಲ್ಲೂ ಇದೇ ಕಥೆ. ಭದ್ರತೆಯಲ್ಲಿ ಅದು ಬಹಳ ಗಟ್ಟಿ, ಆದರೆ ಫೇರ್‌ಫೋನಿಗೆ ಅದು ಇಲ್ಲ, ಅದಕ್ಕೆ ಗೂಗಲ್‌ನದೇ ಪಿಕ್ಸೆಲ್ ಫೋನ್ ಕೊಳ್ಳಬೇಕು! ನಿಮ್ಮ ಬ್ಯಾಂಕ್ ಆ್ಯಪ್ ಓಡುತ್ತದೆಯೇ ಅಂತ ಮೊದಲು ವಿಚಾರಿಸಿ. ನನಗೆ ಇದರಲ್ಲಿ ಸಿಟ್ಟು ಬರುವುದು ಬ್ಯಾಂಕುಗಳ ಮೇಲೆ. ನಮ್ಮ ದುಡ್ಡು ನಾವು ಖರ್ಚು ಮಾಡಲು ಅಮೆರಿಕದ ಒಂದು ಕಂಪನಿಯ ಒಪ್ಪಿಗೆ ಯಾಕೆ ಬೇಕು?

ಡೊಂಬಿವಲಿ ಕನ್ನಡಿಗ:
ಥ್ಯಾಂಕ್ಸ್ ಅಕ್ಕಾ. ಹಾಗಾದರೆ ಮಾಮೂಲಿ ಆಂಡ್ರಾಯ್ಡ್ ಇರುವುದನ್ನೇ ತಗೊಂಡು, ಲೊಕೇಶನ್, ಜಾಹೀರಾತಿಗಾಗಿ ನನ್ನನ್ನು ಗುರುತಿಸುವ ಐಡಿ ಎಲ್ಲ ಆಫ್ ಮಾಡಿಕೊಂಡರೆ?

ಪುಣೆ ಕನ್ನಡತಿ:
ನಿಮ್ಮ ಓಡಾಟಕ್ಕೆ ಅದೇ ಸರಿ. ಗೂಗಲ್ ಪೂರ್ತಿ ದೂರವಾಗುವುದಿಲ್ಲ, ಆದರೆ ಯುಪಿಐ ನಡೆಯುತ್ತದೆ. 2023ರಲ್ಲಿ ಫೇರ್‌ಫೋನ್ 5 ಬಂದಾಗ ಬೆಲೆ 699 ಯೂರೋ ಇತ್ತು, ಆ ದುಡ್ಡಿಗೆ ಇಲ್ಲಿ ಇದಕ್ಕಿಂತ ವೇಗದ ಫೋನ್ ಸಿಗುತ್ತದೆ. ಆದರೂ ಇವರ ಹಾಗೆ ಫೋನ್ ಜೋಡಿಸುವ ಕಾರ್ಮಿಕರ ಕೂಲಿಯ ಮೇಲೆ ಇನ್ನಷ್ಟು ಸೇರಿಸಿ ಕೊಡುವ ಕಂಪನಿಗಳು ಎಷ್ಟಿವೆ ಹೇಳಿ? ಆ ಕಾರಣಕ್ಕೇ ಕೊಳ್ಳುವುದಾದರೆ ನಾನು ಬೇಡ ಅನ್ನುವುದಿಲ್ಲ.

ಲ್ಯಾಮಿಂಗ್ಟನ್ ರೋಡ್ ರಿಪೇರಿ:
ಇನ್ನೊಂದು. ಸಿಮ್ ಜಿಯೋದ್ದಾ? ಅದರಲ್ಲಿ 2ಜಿ, 3ಜಿ ಇಲ್ಲ. ಹೊರದೇಶದ ಫೋನಿನಲ್ಲಿ ವೋಲ್ಟೆ (4ಜಿಯಲ್ಲೇ ಕಾಲ್ ಹೋಗುವ ವ್ಯವಸ್ಥೆ) ಏಳದಿದ್ದರೆ ನೆಟ್ ಬರುತ್ತದೆ, ಮಾಮೂಲಿ ಕಾಲ್ ಹೋಗುವುದಿಲ್ಲ. ಆನ್‌ಲೈನಿನಲ್ಲಿ ಕೊಂಡರೆ ಯುರೋಪಿನಲ್ಲಿ ಕೈಗೆ ಬಂದ 14 ದಿನದೊಳಗೆ ವಾಪಸ್ ಕೊಡಬಹುದು. ಅಣ್ಣನಿಗೆ ಹೊರಡುವ ಹೊತ್ತಿಗೆ ತರಿಸಿಕೊಳ್ಳಲು ಹೇಳಿ, ಇಲ್ಲಿಗೆ ಬಂದ ದಿನವೇ ನಿಮ್ಮ ಸಿಮ್ ಹಾಕಿ ಕಾಲ್ ಮಾಡಿ ನೋಡಿ.