ಟಗರು ಹಾರುತ್ತೆ, ಕುರಿ ಗಬ್ಬ ನಿಲ್ಲಲ್ಲ: ಬಿಸಿಲಿನ ಪೆಟ್ಟಾ?

ಚಳ್ಳಕೆರೆಯಿಂದ ಪ್ರಶ್ನೆ: 40 ಕರಿ ಕುರಿಗೆ ಒಂದೇ ಬೀಜದ ಟಗರು. ಜೂನ್‌ನಲ್ಲಿ ಟಗರು ಹಾರಿ ಕೂಡಿದ ಕುರಿಗಳೇ ಮತ್ತೆ ಬೆದೆಗೆ ಬರ್ತಿವೆ. ಟಗರು ಚುರುಕಾಗೇ ಇದೆ. ಮಾರಿ ಬೇರೆ ತರೋದಾ?

ಹಿರಿಯೂರು: ಈಗಲೇ ಮಾರಬೇಡಿ ಅಣ್ಣ. ಹಾರೋ ಹುರುಪೇ ಬೇರೆ, ಬೀಜದ ಕಸುವೇ ಬೇರೆ. ತರಡು (ವೃಷಣ ಇರೋ ಚೀಲ) ಮೈಗಿಂತ 4–5 ಡಿಗ್ರಿ ತಣ್ಣಗಿದ್ದರೇ ವೀರ್ಯಾಣು ಸರಿಯಾಗಿ ಬಲಿಯೋದು. ಬಿಸಿಲೇರಿದಾಗ ಚೀಲ ಜೋತುಬೀಳೋದು ಅದಕ್ಕೇ. ಹೊರಗೇ 40 ಡಿಗ್ರಿ ಕಾದಿದ್ದರೆ ಜೋತುಬಿದ್ದು ಏನು ಬಂತು? ವೀರ್ಯಾಣು ಹುಟ್ಟಿ, ಬಲಿತು, ಹೊರಬರೋಕೆ ಸುಮಾರು ಎರಡು ತಿಂಗಳು ಬೇಕು. ಮೇ ತಿಂಗಳ ಬಿಸಿಲಿನ ಪೆಟ್ಟು ಮಳೆ ಬಿದ್ದು ತಂಪಾದ ಮೇಲೆ ಕಾಣೋದು ಹೀಗೆ. ಸಂತೆಯಿಂದ ತರೋ ಟಗರೂ ಅದೇ ಬಿಸಿಲು ತಿಂದಿರುತ್ತೆ, ಮರೀಬೇಡಿ.

ತರಡು ಹಿಡಿದು ನೋಡಿ. ಎರಡೂ ಬೀಜ ಒಂದೇ ಗಾತ್ರ ಇದ್ದು, ಬಿಗಿಹಿಡಿದ ತೋಳಿನಷ್ಟು ಗಟ್ಟಿ ಇರಬೇಕು. ಎರಡೂ ಮೆತ್ತಗಾಗಿದ್ದರೆ ಬಿಸಿಲಿನ ಅನುಮಾನ. ಆದರೆ ಕಾಲುಬಾಯಿ ಜ್ವರದಂಥದ್ದು ಬಂದು ಮೈ ಕಾದಿದ್ದರೂ ಹೀಗೇ ಆಗುತ್ತೆ. ಒಂದೇ ಕಡೆ ಗಂಟು, ಊತ, ನೋವು ಇದ್ದರೆ ಪಶುವೈದ್ಯರಿಗೇ ತೋರಿಸಿ.

ದಾವಣಗೆರೆ: ತಪ್ಪು ಟಗರದ್ದೋ ಕುರಿಯದ್ದೋ ಮೊದಲು ಗೊತ್ತಾಗಲಿ. ಬಣ್ಣದ ಪುಡಿಯನ್ನ ಅಡುಗೆ ಎಣ್ಣೇಲಿ ಕಲಸಿ ಟಗರಿನ ಎದೆಗೆ ಹಚ್ಚಿ, ಎರಡು ದಿನಕ್ಕೊಮ್ಮೆ ಮತ್ತೆ ಬಳಿಯಿರಿ. ಹಾರಿದಾಗ ಆ ಬಣ್ಣ ಕುರಿ ಬೆನ್ನಿಗೆ ಅಂಟುತ್ತೆ. ಸುಟ್ಟ ಆಯಿಲ್ ಬೇಡ, ಚರ್ಮ ಕೆಡುತ್ತೆ. ಕರಿ ಕುರಿ ಮೇಲೆ ಕೆಮ್ಮಣ್ಣು ಎದ್ದು ಕಾಣಲ್ಲ. ಮೊದಲು ಹಳದಿ, 17 ದಿನ ಆದ ಮೇಲೆ ಬಿಳಿ. ಗಬ್ಬ ನಿಲ್ಲದ ಕುರಿಗೆ ಬೆದೆ ತಿರುಗೋದು 17 ದಿನಕ್ಕೆ. ಒಂದೆರಡು ಕುರಿ ಬೆನ್ನಲ್ಲಿ ಮಾತ್ರ ಎರಡು ಬಣ್ಣ ಇದ್ದರೆ ದೋಷ ಕುರೀದು. ಮುಕ್ಕಾಲು ಮಂದೆಗೆ ಎರಡೂ ಬಿದ್ದಿದ್ದರೆ ಟಗರದ್ದೇ.

ಮೊಳಕಾಲ್ಮೂರು: ಮುಂದಿನ ಬೇಸಿಗೆಗೆ ರೊಪ್ಪ (ಕುರಿ ಕೂಡೋ ಜಾಗ) ಸರಿಮಾಡಿ. ತಗಡಿನಡಿ ನೆರಳೂ ಕೆಂಡವೇ. ಮೇಲೆ ತೆಂಗಿನ ಗರಿ ದಪ್ಪಗೆ ಹೊದಿಸಿ, ಪಕ್ಕದಲ್ಲಿ ಗಾಳಿಯಾಡೋಕೆ ಬಿಡಿ. ಮಧ್ಯಾಹ್ನ ಟಗರಿನ ಪಕ್ಕೆ ನೋಡಿ ಉಸಿರು ಎಣಿಸಿ: ನಿಮಿಷಕ್ಕೆ 20–30 ಸರಿ, 80 ದಾಟಿದರೆ ಕಷ್ಟದಲ್ಲಿದೆ. ಹಗಲು ನೆರಳಲ್ಲಿ ಬೇರೆ ಕಟ್ಟಿ, ಸಂಜೆ ಮಂದೆಗೆ ಬಿಡಿ. ತರಡಿನ ಮೇಲಿನ ಉಣ್ಣೆ ಕತ್ತರಿಸಿ. ಮೈ ಉಣ್ಣೆಯನ್ನ ಮಾತ್ರ ಚರ್ಮ ಕಾಣೋ ಹಾಗೆ ಬೋಳಿಸಬೇಡಿ, ಬಿಸಿಲು ನೇರ ಬಡಿಯುತ್ತೆ.

ಹಿರಿಯೂರು: ಒಂದು ಟಗರಿಗೆ 40 ಕುರಿ ಜಾಸ್ತಿಯಾಯ್ತು, 25 ಸಾಕು. ಆಗಸ್ಟ್ ಮೊದಲ ವಾರ ಮತ್ತೆ ಕೂಡಿಸಿ. 150 ದಿನಕ್ಕೆ, ಅಂದ್ರೆ ಹೊಸ ವರ್ಷದ ಹೊತ್ತಿಗೆ ಮರಿ. ಕೂಡಿಸೋ ಮುಂಚೆ ಪಶು ಆಸ್ಪತ್ರೇಲಿ ವೀರ್ಯ ಪರೀಕ್ಷೆ ಆಗುತ್ತಾ ಕೇಳಿ.